ಸೇತುವೆಗೆ ಮೊದಲು ಅಲ್ಲೊಂದು ದೋಣಿಯಿತ್ತು

(ಆಟದ ಪ್ರಕಾಶನ ಸಂಸ್ಥೆಯಲ್ಲಿ ಕಾಲ್ಪನಿಕ ಲೋಕದ ಉಸ್ತುವಾರಿ ಹೊತ್ತಿರುವ ಮುಖ್ಯಸ್ಥರಿಗೆ)

ಮಾನ್ಯರೇ,

ನೀವು ಒಂದು ದೋಣಿಯನ್ನು ಅಳಿಸಿಹಾಕಿದ್ದೀರಿ. ಅದನ್ನು ನಡೆಸುತ್ತಿದ್ದ ಹೆಂಗಸನ್ನೂ ಅಳಿಸಿದ್ದೀರಿ. ನನ್ನ ದೂರು ಇಷ್ಟೇ. ಇಲ್ಲದ ಊರಿನ, ಇಲ್ಲದ ಹೊಳೆಯ, ಇಲ್ಲದ ದೋಣಿಗಾಗಿ ನಲವತ್ತು ದಾಟಿದ ಹೆಂಗಸೊಬ್ಬಳು ಬಹಿರಂಗ ಪತ್ರ ಬರೆಯುವುದೇ ಎಂದು ನಿಮಗೆ ನಗು ಬರಬಹುದು. ಬರೆಯಲು ಕೂತಾಗ ನನಗೂ ಸ್ವಲ್ಪ ಬಂತು.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಮೇಜಿನ ಸುತ್ತ ಕೆಲವರು ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಾಡು ಹೊಕ್ಕು, ಕೋಟೆ ಹತ್ತಿ, ದಾಳ ಉರುಳಿಸಿ ಗೆಲ್ಲುತ್ತಾರೆ ಅಥವಾ ಸಾಯುತ್ತಾರೆ. ಆ ಕಾಡು, ಕೋಟೆ, ಹೊಳೆಗಳು ಎಲ್ಲಿವೆ, ಅಲ್ಲಿ ಯಾರಿದ್ದಾರೆ ಎಂದು ಹೇಳುವುದು ಸಂಸ್ಥೆಯ ಪುಸ್ತಕ. ಕೆಲವು ವರ್ಷಕ್ಕೊಮ್ಮೆ ಆಟದ ನಿಯಮಗಳು ಬದಲಾಗಿ ಹೊಸ ಆವೃತ್ತಿ ಬರುತ್ತದೆ. ಹೊಸ ನಿಯಮಕ್ಕೆ ಒಗ್ಗುವಂತೆ ಲೋಕವನ್ನೂ ಕತ್ತರಿಸಿ ಹೊಲಿಯುತ್ತಾರೆ. ಕತ್ತರಿ ಹಿಡಿದಿರುವವರು ತಾವು.

ನಮ್ಮ ಮೇಜು ಇರುವುದು ನನ್ನ ತಮ್ಮನ ಕನ್ನಡಕದ ಅಂಗಡಿಯ ಮಹಡಿಯಲ್ಲಿ. ಗೋಡೆಯ ಮೇಲೆ ಕೆಳಗಿಳಿದಂತೆ ಸಣ್ಣದಾಗುವ ಅಕ್ಷರಗಳ ಫಲಕ, ಕಿಟಕಿಯ ಪಕ್ಕ ಮಸೂರಗಳ ಟ್ರೇ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಕೂರುತ್ತೇವೆ. ಪುಸ್ತಕ ಇಂಗ್ಲಿಷಿನದು, ಜಗಳ ಕನ್ನಡದ್ದು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಎಂಬ ಒಂದೇ ಅರ್ಹತೆಯ ಮೇಲೆ ಕಥೆ ನಡೆಸುವ ಕೆಲಸ ನನ್ನ ತಲೆಗೆ ಬಂತು.

ಒಂದು ರೂಢಿ ನಮ್ಮಲ್ಲಿ ತಾನಾಗಿ ಬೆಳೆಯಿತು. ಯಾರಾದರೂ ಆಟಕ್ಕೆ ಬರಲಾಗದಿದ್ದರೆ ಅವರ ಪಾತ್ರವನ್ನು ಏನು ಮಾಡುವುದು? ಮೊದಲ ಆವೃತ್ತಿಯ ನಕ್ಷೆಯಲ್ಲಿ ಹೊಳೆಯ ತಿರುವಿನಲ್ಲಿ ಒಂದು ಪುಟ್ಟ ದೋಣಿ ಬರೆದಿತ್ತು. ಬಾರದವರೆಲ್ಲ ಅಲ್ಲಿ ದೋಣಿ ನಡೆಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆವು. ಹೆಚ್ಚು ತಪ್ಪಿಸಿಕೊಳ್ಳುತ್ತಿದ್ದವಳು ನಮ್ಮ ಗೆಳತಿ, ಆಸ್ಪತ್ರೆಯ ನರ್ಸು. ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು.

"ಎಲ್ಲಿ, ಸಿಸ್ಟರ್ ಬರ್ಲಿಲ್ವಾ?"

"ದೋಣಿ ಹತ್ರ. ಇವತ್ತೂ ಡ್ಯೂಟಿಯಂತೆ."

"ಆಸ್ಪತ್ರೇಲೂ ಡ್ಯೂಟಿ, ಆಟದಲ್ಲೂ ಡ್ಯೂಟಿ! ಇವಳಿಗೆ ರಜಾ ಕೊಡೋ ದೇವರೇ ಇಲ್ವೇನಪ್ಪಾ?"

ಹೀಗೆ ದೋಣಿ ಅವಳದೇ ಆಯಿತು. ಬಂದ ದಿನವೂ ಬಿಟ್ಟುಕೊಡುತ್ತಿರಲಿಲ್ಲ. ಮಹಾವೀರನ ಪಾತ್ರ ಕಟ್ಟಿಕೊಂಡಿದ್ದ ನನ್ನ ತಮ್ಮ ಎಲ್ಲರಿಗಿಂತ ಮೊದಲು ಹತ್ತಲು ಹೋದರೆ ತಡೆಯುತ್ತಿದ್ದಳು. "ಏಯ್, ನಿಂತ್ಕೊಳೋ. ಹೆದರಿದೋರು ಮೊದಲು. ಧೈರ್ಯ ಇರೋರಿಗೇನು ಅರ್ಜೆಂಟು?"

ಎರಡನೆಯ ಆವೃತ್ತಿ ತಯಾರಾಗುವಾಗ ನಿಮ್ಮ ಕಚೇರಿ, ನಿಮಗೂ ಹಿಂದಿನವರ ಕಾಲದಲ್ಲಿ, ಆಟಗಾರರಿಂದ ಅವರವರ ಮೇಜಿನ ಕಥೆಗಳನ್ನು ಕೇಳಿತ್ತು. ನಾನು ಬರೆದು ಕಳಿಸಿದೆ. ಪುಸ್ತಕದಲ್ಲಿ ಒಂದೇ ಒಂದು ವಾಕ್ಯ ಬಂತು: 'ಇಲ್ಲಿನ ದೋಣಿಯವಳು ಹೆದರಿದವರನ್ನು ಮೊದಲು ದಾಟಿಸುತ್ತಾಳೆ.' ಸಿಸ್ಟರ್ ಆ ಪುಟವನ್ನು ವಾರ್ಡಿನಲ್ಲೆಲ್ಲ ತೋರಿಸಿಕೊಂಡು ಬಂದಳು. ಆಮೇಲೆ ಬೇರೆ ಊರುಗಳ ಅಪರಿಚಿತ ಆಟಗಾರರೂ ನಮ್ಮೊಡನೆ ಕೂತಾಗ, "ಓ, ಆ ದೋಣಿಯವಳು!" ಎನ್ನುತ್ತಿದ್ದರು.

ಕೆಲವು ವರ್ಷಗಳ ನಂತರ ಅವಳು ಕಾಯಿಲೆ ಬಿದ್ದಳು. ಎಷ್ಟೋ ಜನರನ್ನು ಕೈಹಿಡಿದು ನಡೆಸಿದ್ದ ವಾರ್ಡಿನಲ್ಲೇ ಮಲಗಿ, ತೀರಿಕೊಂಡಳು. ಮುಂದಿನ ಸಲ ನಾವು ಕೂತಾಗ ನಾನು ಪುಸ್ತಕ ಬಿಡಿಸದೆ ದಾಳಗಳನ್ನೇ ಜೋಡಿಸುತ್ತಿದ್ದೆ. ನನ್ನ ತಮ್ಮ ಮಸೂರಗಳನ್ನು ಒರೆಸುತ್ತ, ತಲೆ ಎತ್ತದೆ ಹೇಳಿದ: "ದೋಣಿ ಹತ್ರ ಇದಾಳೆ ಬಿಡಕ್ಕಾ. ಶುರುಮಾಡು." ಶುರುಮಾಡಿದೆ. ಅಲ್ಲಿಂದ ಮುಂದೆ ಕಥೆಯಲ್ಲಿ ಹೊಳೆ ಬಂದಾಗಲೆಲ್ಲ ಯಾರೂ ಅವಸರ ಮಾಡುತ್ತಿರಲಿಲ್ಲ.

ಈಗ ನಿಮ್ಮ ಮೂರನೆಯ ಆವೃತ್ತಿ. ಮಂತ್ರವಿದ್ಯೆಯ ನಿಯಮಗಳನ್ನು ಬದಲಿಸಿದ್ದೀರಿ. ಅದಕ್ಕೆ ಕಾರಣ ಬೇಕಲ್ಲ, ಒಂದು ಪ್ರಳಯ ತರಿಸಿ ಕಾಲವನ್ನು ನೂರು ವರ್ಷ ಮುಂದೆ ತಳ್ಳಿದ್ದೀರಿ. ಹೊಳೆಗೆ ಅಚ್ಚುಕಟ್ಟಾದ ಕಲ್ಲಿನ ಸೇತುವೆ ಬಂದಿದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಅಪ್ಪಣೆ: ಹಿಂದಿನ ಆವೃತ್ತಿಗಳಲ್ಲಿ ಹೇಳಿದ್ದನ್ನು ಇನ್ನು ಮುಂದೆ ನಡೆದದ್ದೆಂದು ಪರಿಗಣಿಸತಕ್ಕದ್ದಲ್ಲ. ಎಂಥ ಅಧಿಕಾರ, ಮಾನ್ಯರೇ! ರಾಜರುಗಳು ಸೈನ್ಯ ಕಟ್ಟಿಕೊಂಡೂ ಮಾಡಲಾಗದ ಕೆಲಸವನ್ನು ನೀವು ಅಡಿಟಿಪ್ಪಣಿಯಲ್ಲಿ ಮುಗಿಸಿದಿರಿ.

ನಾನು ಬದಲಾವಣೆಯ ವಿರೋಧಿಯೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ಆವೃತ್ತಿಯಲ್ಲಿ ಆ ಲೋಕದ ಜೌಗು ನೆಲದಲ್ಲಿ ವಾಸಿಸುವ ಜನರನ್ನು ಹುಟ್ಟಾ ಕೇಡಿಗರು ಎಂದು ಬರೆದಿತ್ತು. "ಹಾಗಾದ್ರೆ ಅವರ ಕೂಸುಗಳೂ ಕೇಡಿಗಳಾ?" ಎಂದು ಸಿಸ್ಟರೇ ಕೇಳಿದ್ದಳು. ನೀವು ಅದನ್ನು ತೆಗೆದದ್ದು ಸರಿ. ಆದರೆ ತಪ್ಪಾಗಿತ್ತು, ತಿದ್ದಿದ್ದೇವೆ ಎನ್ನಲಿಲ್ಲ. ಯಾರೂ ಹಾಗೆ ಬರೆದೇ ಇರಲಿಲ್ಲವೆಂಬಂತೆ ಪುಟ ಮಗುಚಿದಿರಿ. ತಪ್ಪನ್ನೂ ಒಳ್ಳೆಯದನ್ನೂ ಒಂದೇ ರಬ್ಬರಿನಿಂದ ಒರೆಸಿದರೆ ಎರಡರಿಂದಲೂ ಯಾರು ಏನು ಕಲಿಯಬೇಕು?

ಖಾಸಗಿಯಾಗಿ ಬರೆದಾಗ ನಿಮ್ಮ ಕಚೇರಿ ಉತ್ತರಿಸಿತು: ನಿಮ್ಮ ಮೇಜಿನಲ್ಲಿ ನಿಮ್ಮಿಷ್ಟದಂತೆ ಆಡಲು ನೀವು ಸ್ವತಂತ್ರರು. ಧನ್ಯವಾದ. ನಮ್ಮ ಮನೆಯೊಳಗೆ ನಮ್ಮ ಸತ್ತವರನ್ನು ನೆನೆಯಲು ನಿಮ್ಮ ಅನುಮತಿ ಬೇಕಿರಲಿಲ್ಲ. ಹೊರಗಿನವರೂ ಅವಳನ್ನು ಬಲ್ಲರು ಎಂಬುದೊಂದು ಸಮಾಧಾನವಿತ್ತು. ಅದನ್ನು ಕೊಟ್ಟವರೂ ನೀವೇ, ಕಸಿದವರೂ ನೀವೇ.

ಕಳೆದ ಭಾನುವಾರ ಸಿಸ್ಟರ್ ಮಗಳು ಬಂದಳು. ಈಗ ಕಾಲೇಜು ಹುಡುಗಿ. ನಮ್ಮ ಜೊತೆ ಆಡುತ್ತೇನೆಂದು ನಿಮ್ಮ ಹೊಸ ಪುಸ್ತಕವನ್ನೇ ತಂದಿದ್ದಳು. ನಕ್ಷೆ ಬಿಡಿಸಿ ಹೊಳೆಯುದ್ದಕ್ಕೂ ಬೆರಳಾಡಿಸಿದಳು.

"ಆಂಟೀ, ಅಮ್ಮನ ದೋಣಿ ಎಲ್ಲಿ?"

ನನ್ನ ತಮ್ಮ ತನ್ನ ಅಂಗಡಿಯ ಅಭ್ಯಾಸದಂತೆ ಒಂದು ಭೂತಗನ್ನಡಿ ಅವಳ ಕೈಗಿತ್ತ. "ಇದ್ರಲ್ಲಿ ನೋಡು ಪುಟ್ಟಿ, ಸಣ್ಣದಾಗಿ ಬರೆದಿರ್ತಾರೆ." ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ಇಲ್ಲ ಮಾಮಾ. ಬರೀ ಸೇತುವೆ." ಆಮೇಲೆ ನನ್ನ ಕಡೆ ತಿರುಗಿದಳು. "ಸೇತುವೆ ಆಗೋಕ್ಕೆ ಮುಂಚೆ ಜನ ಹೇಗೆ ದಾಟ್ತಿದ್ರು ಅಂತಾನೂ ಬರೆದಿಲ್ವಲ್ಲ ಆಂಟೀ?"

ರಾಕ್ಷಸರ ಒಗಟುಗಳಿಗೆಲ್ಲ ಥಟ್ಟನೆ ಉತ್ತರ ಕಟ್ಟುವುದು ನನ್ನ ಕೆಲಸ; ಇದಕ್ಕೆ ಉತ್ತರ ಕೊಡಬೇಕಾದವರು ನೀವು. ನಿಮ್ಮಲ್ಲಿದೆಯೇ?

ನಾನು ಹೊಟ್ಟೆಪಾಡಿಗೆ ನಿಜವಾದ ನಕ್ಷೆಗಳನ್ನು ತಿದ್ದುವವಳು. ಒಂದು ದಾರಿ ಮುಚ್ಚಿಹೋದರೆ ಅದನ್ನು ನಾವು ಅಳಿಸುವುದಿಲ್ಲ, ಚುಕ್ಕೆಗೆರೆಯಾಗಿ ಉಳಿಸುತ್ತೇವೆ. ನಡೆಯಲು ಅದು ಉಪಯೋಗಕ್ಕಿಲ್ಲ. ಇಲ್ಲಿ ಜನ ನಡೆದಿದ್ದರು ಎಂದು ಹೇಳಲು ಇರುತ್ತದೆ. ನನ್ನ ಬೇಡಿಕೆಯೂ ಅಷ್ಟೇ. ಸೇತುವೆ ಇರಲಿ. ಪ್ರಳಯವೂ ಇರಲಿ. ಮುಂದಿನ ಮುದ್ರಣದಲ್ಲಿ ಸೇತುವೆಯ ಪಕ್ಕ, ದಡದಿಂದ ದಡಕ್ಕೆ, ಒಂದು ಚುಕ್ಕೆಗೆರೆ ಎಳೆಯಿರಿ. ದೋಣಿಯವಳನ್ನು ಬದುಕಿಸಿ ಎಂದು ಕೇಳುತ್ತಿಲ್ಲ. ನೂರು ವರ್ಷ ಕಳೆದಿದೆ, ಅವಳು ಸತ್ತಿದ್ದಾಳೆ. ನೋಡಿ, ನಮ್ಮ ಮೇಜಿನಲ್ಲಿ ಇಷ್ಟು ವರ್ಷ ಯಾರೂ ಆಡದ ಮಾತನ್ನು ನಿಮಗಾಗಿ ಬರೆದುಬಿಟ್ಟೆ. ಸತ್ತಳು ಎಂಬುದನ್ನು ಒಪ್ಪುತ್ತೇನೆ. ಇರಲೇ ಇಲ್ಲ ಎಂಬುದನ್ನು ಒಪ್ಪಲಾರೆ.

ಹುಡುಗಿ ತನ್ನ ಪಾತ್ರವನ್ನು ಆಗಲೇ ಆರಿಸಿಕೊಂಡಿದ್ದಾಳೆ. "ನಾನು ಸೇತುವೆ ಈಚೆ ತುದೀಲಿ ನಿಂತಿರ್ತೀನಿ ಆಂಟೀ. ಸೇತುವೆ ಅಂದ್ರೂ ಹೆದರೋರು ಇರ್ತಾರಲ್ವಾ? ಕೈ ಹಿಡ್ಕೊಂಡು ದಾಟಿಸ್ತೀನಿ." ನಿಮ್ಮ ಲೋಕದಲ್ಲಿ ಯಾರಾದರೂ ಅವಳನ್ನು, ಇದನ್ನು ಯಾರು ಕಲಿಸಿದರು ಎಂದು ಕೇಳಿದರೆ, ಬೆರಳಿಟ್ಟು ತೋರಿಸಲು ಅವಳಿಗೊಂದು ಜಾಗ ಬೇಕು.

ಇಂತಿ,
ಸೇತುವೆಯಿದ್ದೂ ಇನ್ನೂ ಈಚೆ ದಡದಲ್ಲೇ ನಿಂತಿರುವ
ಒಬ್ಬ ಪ್ರಯಾಣಿಕಳು