ಉಣ್ಣೆಯೊಳಗಿನ ಸೂಜಿ

ಕೌಜಲಗಿ, ಮಂಗಳವಾರ, ೧೧ ಫೆಬ್ರುವರಿ

ಈ ಸೂಜಿಯ ಕಾಟ ಇವತ್ತಿಗೂ ಮುಗಿಯಲಿಲ್ಲ. ಆದರೂ ಸಿಟ್ಟು ಬರುತ್ತಿಲ್ಲ.

ನನ್ನ ಹೊಟ್ಟೆಯಲ್ಲಿರುವ ಕೂಸಿನ ಕಂಬಳಿಗೆಂದು ಅತ್ತೆ ತೆಗೆದಿಟ್ಟ ಉಣ್ಣೆಯ ರಾಶಿಯಲ್ಲಿ ನಿನ್ನೆ ಸೂಜಿ ಬಿದ್ದಿತ್ತು. ಕೈ ಹಾಕಲು ಎಲ್ಲರಿಗೂ ಹೆದರಿಕೆ. ಅದು ಕಂಬಳಿಯಲ್ಲೇ ಉಳಿದುಬಿಟ್ಟರೆ? ನನಗಂತೂ ನಿದ್ದೆ ಬಂದಿರಲಿಲ್ಲ.

ಬೆಳಿಗ್ಗೆ ಕಾಲೇಜಿನ ವಿದ್ಯುತ್ಕಾಂತದ ಪಾಠ ನೆನಪಾಯಿತು. ಪಂಪ್‌ಸೆಟ್ ರಿಪೇರಿಯಲ್ಲಿ ಉಳಿದ ತಾಮ್ರದ ತಂತಿಯನ್ನು ದೊಡ್ಡ ಮೊಳೆಗೆ ಒತ್ತೊತ್ತಾಗಿ ಸುತ್ತಿ, ತಂತಿಯ ಎರಡೂ ತುದಿಯ ವಾರ್ನಿಷ್ ಕೆರೆದೆ. ನನ್ನ ಗಂಡನಿಗೆ ಎಲ್ಲದಕ್ಕೂ ಅವಸರ.

“ಗೋಡಿ ಬೋರ್ಡಿಗೆ ಹಚ್ಚು, ಜೋರ್ ಎಳೀತೈತಿ,” ಅಂದರು.

“ನನ್ನ ಮ್ಯಾಲ ಕಳಿಸ್ಬೇಕಂತ ಮಾಡೀರೇನ್ರಿ? ನಿಮ್ಮ ಟಾರ್ಚಿನಾಗಿನ ಒಂದು ಸೆಲ್ ಕೊಡ್ರಿ, ಸಾಕು.”

ಗೊಣಗುತ್ತಲೇ ಕೊಟ್ಟರು. ತಂತಿಯನ್ನು ಸೆಲ್ಲಿಗೆ ಹಚ್ಚಿ ಉಣ್ಣೆಯ ಮೇಲೆ ಮೊಳೆ ಆಡಿಸುತ್ತಿದ್ದೆ. ತಂತಿ ಬೆಚ್ಚಗಾದರೆ ಬಿಡಿಸಿ, ಆರಿದ ಮೇಲೆ ಮತ್ತೆ ಹಚ್ಚುತ್ತಿದ್ದೆ. ಸುಮಾರು ಹೊತ್ತಿನ ಮೇಲೆ ಟಿಕ್ ಅಂತ ಸೂಜಿ ಬಂದು ಅಂಟಿತು! ಅತ್ತೆಯ ಮುಂದೆ ತಾಟು ಹಿಡಿದು ತಂತಿ ಬಿಡಿಸಿದೆ. ಸೂಜಿ ತಾನಾಗಿ ತಾಟಿಗೆ ಬಿತ್ತು.

“ಬಿಡು ಅಂದ್ರ ಬಿಡ್ತೈತಲ್ಲ ಇದು!” ಎಂದು ಅತ್ತೆ ಕಣ್ಣರಳಿಸಿದರು. ನಾನು ತಡೆಯುವುದರೊಳಗೆ ಸೂಜಿಯನ್ನು ಎತ್ತಿ ಮತ್ತೆ ಉಣ್ಣೆಗೆ ಎಸೆದುಬಿಟ್ಟರು.

“ಏ ಶೈಲಾ, ಇನ್ನೊಮ್ಮಿ ತಗಿ, ನೋಡೂಣು.”

ಅಷ್ಟರಲ್ಲಿ ಸೆಲ್ ತೀರಿತು. ಈಗ ರಾತ್ರಿ, ಟಾರ್ಚಿಲ್ಲದೆ ಇವರು ಮೊಬೈಲಿನ ಬೆಳಕಲ್ಲಿ ಕುರಿಹಟ್ಟಿಗೆ ಹೋಗಿದ್ದಾರೆ. ನಗು ತಡೆಯಲಾಗದೆ ನನ್ನ ಅಕ್ಷರಗಳು ಸೊಟ್ಟಗಾಗುತ್ತಿವೆ. ಸೂಜಿ ಇನ್ನೂ ಉಣ್ಣೆಯೊಳಗೇ ಇದೆ. ನಾಳೆ ಹೊಸ ಸೆಲ್ ಬರುತ್ತದೆ, ಮತ್ತು ಅತ್ತೆ ಆಗಲೇ ಓಣಿಯವರನ್ನೆಲ್ಲ ನೋಡಲು ಕರೆದು ಬಂದಿದ್ದಾರೆ.