ಮೇಜಿನ ಕಾಲಡಿಯ ನಿಘಂಟು

ಲ್ಯೂವೆನ್,
ಮಂಗಳವಾರ

ಜೆರೋಮ್‌ಗೆ,

ನಿನ್ನ ಕೋಣೆ ಬಿಟ್ಟು ಬರುವಾಗ ನನ್ನ ಮಾಲ್ಟೀಸ್ ನಿಘಂಟು ಅಲ್ಲೇ ಉಳಿಯಿತು. ಕುಂಟುವ ಮೇಜಿನ ಕಾಲಡಿಗೆ ಅದನ್ನು ಇಟ್ಟವನು ನೀನೇ. ದಯವಿಟ್ಟು ಕಳುಹಿಸಿಕೊಡು.

ಮಾಲ್ಟಾದಲ್ಲಿ, ಸ್ಲೀಮಾ ಪಟ್ಟಣದ ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನಿನ್ನಮ್ಮ ಇಂಗ್ಲಿಷಿನಲ್ಲಿ ಕೇಳಿದ್ದು ನೆನಪಿದೆಯಾ? "ಏನಮ್ಮಾ ಜಿಲ್ಡಾ, ಯುರೋಪಿನ ಕಾನೂನು ಓದಿದ್ಮೇಲೂ ಹಿಂಗೇ ಗೋಜೋ ದ್ವೀಪದೋರ ಥರ ಮಾತಾಡ್ತೀಯಾ? ಮಾಲ್ಟೀಸ್ ಏನಿದ್ರೂ ಮೀನಿನವನ ಹತ್ರ ಚೌಕಾಸಿ ಮಾಡೋಕೆ!" ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು.

ಬರುವ ಶುಕ್ರವಾರ ನಮ್ಮ ಸ್ನಾತಕೋತ್ತರ ತರಗತಿಯ ಅಣಕು ನ್ಯಾಯಾಲಯದಲ್ಲಿ ನೀನು ವಿಮಾನ ಕಂಪನಿಯ ವಕೀಲ, ನಾನು ಪ್ರಯಾಣಿಕರ ಕಡೆ. ನಿನ್ನ ಲಿಖಿತ ವಾದ ಓದಿದೆ. ಪ್ರಯಾಣಿಕರಿಗೆ ಹೇಗೆ ತಿಳಿಸಬೇಕೆಂಬ ಯುರೋಪಿನ ನಿಯಮದ ಇಂಗ್ಲಿಷ್ ಪ್ರತಿಯಲ್ಲಿ "ಫೋನ್ ಅಥವಾ ಪತ್ರ" ಎಂದಿದೆ, ಆದ್ದರಿಂದ ಕಂಪನಿ ಬರೀ ಫೋನ್ ಮಾಡಿದ್ದು ಸಾಕು ಎಂದು ಬರೆದಿದ್ದೀಯ. ಮಾಲ್ಟೀಸ್ ಪ್ರತಿಯಲ್ಲಿ ಆ ಜಾಗದಲ್ಲಿರುವುದು ಒಂದೇ ಅಕ್ಷರ: "ಉ". ಹಾಗೆಂದರೆ "ಮತ್ತು" ಎಂದು ನಿನ್ನಮ್ಮನ ಮೀನಿನವನಿಗೂ ಗೊತ್ತು. ಫ್ರೆಂಚ್, ಜರ್ಮನ್ ಪ್ರತಿಗಳೂ ಅದನ್ನೇ ಹೇಳುತ್ತವೆ. ಎಲ್ಲ ಭಾಷೆಯ ಪ್ರತಿಗೂ ಒಂದೇ ತೂಕ ಎಂದು ಪ್ರೊಫೆಸರ್ ಪಾಠ ಮಾಡಿದ ದಿನ ನೀನು ಆಕಳಿಸುತ್ತಿದ್ದೆ.

ವಾದ ತಿದ್ದುವ ಗಡುವು ನಿನ್ನೆಗೆ ಮುಗಿಯಿತು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಿಘಂಟು ತೆಗೆದರೆ ಮೇಜು ಮತ್ತೆ ಕುಂಟುತ್ತದೆ. ಅದರ ಜಾಗಕ್ಕೆ ನಿನ್ನ ಲಿಖಿತ ವಾದವನ್ನು ಮಡಚಿ ಇಡು. ಇನ್ನು ಅದು ಬೇರೆ ಯಾವ ಕೆಲಸಕ್ಕೂ ಬಾರದು.

ಈಗಲೂ ಗೋಜೋದವಳ ಹಾಗೇ ಮಾತಾಡುವ,
ಜಿಲ್ಡಾ