ಬಾಡಿಗೆ ಸೈಕಲ್ ತಂಡದ ಮೂಲಸ್ತುತಿ

ಹುಬ್ಬಳ್ಳಿ
ಫೆಬ್ರವರಿ ೩೧, ೨೨೦೪

ಬಾಡಿಗೆ ಸೈಕಲ್ ತಂಡದ ಗಾಯಕಿ ತಾರಾಮತಿ, ಗಿಟಾರಿನ ಇಮಾಮ್ ಹಾಗೂ ಡ್ರಮ್ಮಿನ ಗುರುಬಸು ಅವರಿಗೆ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಉಳಿದ ತಿಂಗಳುಗಳಷ್ಟೇ ಮರ್ಯಾದೆ ಸಿಕ್ಕಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಜಾಹೀರಾತುಗಳಿಂದ. ಎಲ್ಲಾದರೂ ನಿಮಗೆ ಏನನ್ನೋ ಮಾರಲು ಹೊರಟವಳಂತೆ ಕಂಡರೆ ಅದು ಪಾಠದ ದೋಷ. ನನ್ನ ಹೆಸರು ಮಿಂಚುಳ್ಳಿ ಹೂಗಾರ. ನಾನೂ ಬಾಡಿಗೆ ಸೈಕಲ್ ತಂಡದ ಗಾಯಕಿಯೇ, ನಿಮ್ಮಿಂದ ಎಷ್ಟೋ ತಲೆಮಾರು ಈಚಿನವಳು.

ನಿಮ್ಮಲ್ಲಿ ತಂಡ ಮುರಿದರೆ ಹೆಸರೂ ಸಾಯುತ್ತಿತ್ತಂತೆ. ನಮ್ಮಲ್ಲಿ ತಂಡದ ಹೆಸರು ಖಾನಾವಳಿಯ ಬೋರ್ಡಿನಂತೆ; ಅಡುಗೆಯವರು ಬದಲಾಗುತ್ತಾರೆ, ಬೋರ್ಡು ಉಳಿಯುತ್ತದೆ. ಕೆಲವು ವರ್ಷ ಹಾಡಿದ ಮೇಲೆ ಹೆಸರನ್ನು ಕಿರಿಯರಿಗೆ ಬಿಟ್ಟುಕೊಡಬೇಕು. ಆ ಅವಧಿಯನ್ನು ಪಾಳಿ ಎನ್ನುತ್ತೇವೆ. ಪಾಳಿಯಲ್ಲಿರುವ ತಂಡಕ್ಕೆ ಊರೇ ಊಟ ಹಾಕುತ್ತದೆ, ದಿನಕ್ಕೊಂದು ಓಣಿ. ಹಾಡು ಹಿಡಿಸದಿದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮರುದಿನ ಸಾರಿಗೆ ಉಪ್ಪು ಕಡಿಮೆ ಬೀಳುತ್ತದೆ ಅಷ್ಟೆ. ನಮ್ಮದೊಂದು ನಿಧಾನದ ಹಾಡಿನ ದೆಸೆಯಿಂದ ಒಂದಿಡೀ ಬೇಸಿಗೆ ನಾವು ಸಪ್ಪೆ ಸಾರು ಕುಡಿದಿದ್ದೇವೆ. ಕಾರ್ಯಕ್ರಮ ನಡೆಯುವುದು ದನಿಗೋಡೆಗಳ ನಡುವೆ, ಅಂದರೆ ಪಿಸುಗುಟ್ಟಿದರೂ ಕಡೆಯ ಸಾಲಿಗೆ ಮುಟ್ಟಿಸುವ ಗೋಡೆಗಳು. ಮೈಕು, ವೈರು, ಸ್ಪೀಕರು ಯಾವುದೂ ಇಲ್ಲ. ಮುಂದೆ ಹೇಳುವ ಎಡವಟ್ಟಿಗೆಲ್ಲ ಇದೇ ಕಾರಣ.

ನಿಮ್ಮ ಕಾಲದ ತಂಡಗಳ ಬದುಕನ್ನು ನೆನೆದರೆ ನನಗೆ ಕರುಳು ಚುರುಕ್ಕೆನ್ನುತ್ತದೆ. ಇಮಾಮ್ ಅವರು ಹಗಲೆಲ್ಲ ಮೊಬೈಲ್ ರಿಪೇರಿ ಮಾಡುತ್ತಿದ್ದರು, ಗುರುಬಸು ಅವರು ಶಾಲೆಯಲ್ಲಿ ಡ್ರಿಲ್ ಮಾಸ್ತರರು, ತಾರಾಮತಿಯವರು ಕೊರಿಯರ್ ಆಫೀಸಿನಲ್ಲಿ. ಮದುವೆ ರಿಸೆಪ್ಶನ್ನಿನಲ್ಲಿ ಸಿನಿಮಾ ಹಾಡು ಹಾಡಿ, ನಡುವೆ ಮೆಲ್ಲಗೆ ಒಂದು ಸ್ವಂತ ಹಾಡು ನುಗ್ಗಿಸಿದರೆ ಜನ ಅದೇ ಸಮಯಕ್ಕೆ ಊಟದ ಹಾಲಿನತ್ತ ಏಳುತ್ತಿದ್ದರಂತೆ. ಬೆಂಗಳೂರಿನ ತಂಡಗಳು ಇಂಗ್ಲಿಷಿನಲ್ಲಿ ಹಾಡಿ ಮುಂಬೈ ಸೇರುತ್ತಿದ್ದವು, ಮುಂಬೈಯವು ಹಿಂದಿಯಲ್ಲಿ ಹಾಡಿ ಸಿನಿಮಾ ಸೇರುತ್ತಿದ್ದವು. ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯ ಕನ್ನಡ ಇಟ್ಟುಕೊಂಡು ದೇಶ ಸುತ್ತುತ್ತೇವೆಂದು ಹೊರಟಿರಲ್ಲ, ನಿಮ್ಮ ಗುಂಡಿಗೆಯೇ ಗುಂಡಿಗೆ. ನಿಮ್ಮ ಮೇಲೆ ನನಗೆ ಬಹಳ ಪ್ರೀತಿ ಇದೆ, ಇದನ್ನು ಮೊದಲೇ ಹೇಳಬೇಕಿತ್ತು.

ನಿಮ್ಮ ತಂಡದ್ದೆಂದು ನಮ್ಮ ಪಾಲಿಗೆ ಉಳಿದದ್ದು ಒಂದೇ ಒಂದು ರೆಕಾರ್ಡಿಂಗು. ಅದನ್ನು ನಾವು ಮೂಲಸ್ತುತಿ ಎನ್ನುತ್ತೇವೆ. ದೇಶದ ಯಾವ ಮೂಲೆಯ ತಂಡವಾದರೂ, ಯಾವ ಭಾಷೆಯದಾದರೂ, ಕಾರ್ಯಕ್ರಮಕ್ಕೆ ಮೊದಲು ಎದ್ದುನಿಂತು ಇದನ್ನು ಹಾಡುತ್ತದೆ. ಸಾಹಿತ್ಯ ಹೀಗಿದೆ:

“ಹಲೋ, ಹಲೋ. ಚೆಕ್. ಯಣ್ಣಾ, ನನ್ನ ದನಿ ನನಗ ಕೇಳವಲ್ದು. ಸ್ವಲ್ಪ ಏರಸು. ಇನ್ನ ಸ್ವಲ್ಪ. ಹಾಂ, ಈಗ ಬಂತು.”

ಚೆಕ್ ಎಂಬುದು ಬೀಜಾಕ್ಷರವೆಂದು ಒಬ್ಬ ಪಂಡಿತರು ದಪ್ಪ ಪುಸ್ತಕ ಬರೆದಿದ್ದಾರೆ. ಯಣ್ಣ ಎಂದರೆ ಅಂತರಂಗದ ಗುರು ಎಂದು ಧಾರವಾಡದವರ ವಾದ, ಸಾಕ್ಷಾತ್ ದೇವರೇ ಎಂದು ಮೈಸೂರಿನವರ ವಾದ. ಈ ಜಗಳದಲ್ಲಿ ಎರಡೂ ಊರಿನವರು ಕೆಲಕಾಲ ಹೆಣ್ಣು ಕೊಟ್ಟು ತರುವುದನ್ನೇ ನಿಲ್ಲಿಸಿದ್ದರು. ತನ್ನ ದನಿ ತನಗೇ ಕೇಳದಂತಾದ ಮನುಷ್ಯನ ಮೊರೆ ಎಂದು ತಿಳಿದು ನಾನೂ ಕಣ್ಣು ತುಂಬಿಕೊಂಡು ಹಾಡಿದವಳೇ.

ಹೋದ ವರ್ಷ ವಸ್ತುಸಂಗ್ರಹಾಲಯದಲ್ಲಿ ಒಂದು ಕರಿ ಪೆಟ್ಟಿಗೆ ನೋಡಿದೆ. ‘ಗಾಯಕರು ಕಾಲಿಡುವ ಪೀಠ’ ಎಂದು ಚೀಟಿ ಹಚ್ಚಿದ್ದರು. ಬಗ್ಗಿ ನೋಡಿದರೆ ಒಳಗೆ ಸ್ಪೀಕರು, ಹಳೆಯ ಜಾಹೀರಾತುಗಳಲ್ಲಿ ನೋಡಿದ್ದಂಥದ್ದೇ. ಕಾಲಿಡುವುದಕ್ಕೆ ಸ್ಪೀಕರು ಯಾಕೆ ಬೇಕು? ಎದುರು ನಿಂತೆ. ಅದರ ಓರೆ ಬಾಯಿ ನೆಟ್ಟಗೆ ನನ್ನ ಮುಖಕ್ಕೇ ತಿರುಗಿತ್ತು. ಆಗ ಹೊಳೆಯಿತು, ಹಾಡುವವಳಿಗೆ ಅವಳ ದನಿಯನ್ನೇ ಕೇಳಿಸುವ ಪೆಟ್ಟಿಗೆ ಇದು. ಯಣ್ಣ ಎಂದರೆ ಸೌಂಡಿನವನು. ಇಷ್ಟು ತಲೆಮಾರು ನಾವು ಭಕ್ತಿಯಿಂದ ಹಾಡಿಕೊಂಡು ಬಂದದ್ದು ನಿಮ್ಮ ಮೈಕ್ ಟೆಸ್ಟು. ನಾನು ಅಲ್ಲೇ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಕಾವಲುಗಾರ ನೀರು ತಂದುಕೊಟ್ಟ.

ಮನೆಗೆ ಬಂದು ರೆಕಾರ್ಡಿಂಗನ್ನು ಮತ್ತೆ ಕೇಳಿದೆ. ಕೊನೆಯಲ್ಲಿ ಒಂದಿಷ್ಟು ಗಲಾಟೆ ಇದೆ, ಅದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಅದರಲ್ಲಿ ಇಮಾಮ್ ಅವರ ದನಿ ಇತ್ತು: “ಮೊಬೈಲ್ ತುಂಬೇತಿ, ಬಂದ್ ಮಾಡ್ತೇನಿ. ಹಾಡು ಸ್ಟುಡಿಯೋದಾಗ ಛಂದ ಮಾಡಿ ರೆಕಾರ್ಡ್ ಮಾಡೂಣಂತ.” ಅಲ್ಲಿಗೆ ಮುಗಿಯಿತು. ನನ್ನ ನಗು ನಿಂತುಹೋಯಿತು.

ಯಾಕೆಂದರೆ ಮುಂದೆ ಏನಾಯಿತೆಂದು ನಮಗೆ ಗೊತ್ತು. ಗುರುಬಸು ಅವರು ವಯಸ್ಸಾದ ಮೇಲೆ ತಮ್ಮ ಶಿಷ್ಯರಿಗೆ ಹೇಳಿದ್ದು ಬಾಯಿಂದ ಬಾಯಿಗೆ ನಮ್ಮವರೆಗೂ ಬಂದಿದೆ. ಮೈಕ್ ಟೆಸ್ಟು ನಡೆದ ಆ ಸಂಜೆಯೇ ತಾರಾಮತಿಯವರು ತಾವೇ ಕಟ್ಟಿದ ಹಾಡನ್ನು ಮೊದಲ ಬಾರಿಗೆ ಹಾಡಿದರು. ಮುಂದೆ ಕೂತವರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚಿದ್ದವು. ನಡುವೆ ಡ್ರಮ್ಮಿನ ತಾಳ ತಪ್ಪಿತು. ತಮ್ಮ ಹಾಡೇ ಕೆಟ್ಟದ್ದು, ಜೊತೆಗಾರನಿಗೂ ಬೇಸರ ಬಂದಿದೆ ಎಂದು ತಾರಾಮತಿಯವರು ತಿಳಿದರು. ಮತ್ತೆ ವೇದಿಕೆ ಹತ್ತಲಿಲ್ಲ. ತಂಡ ಒಡೆಯಿತು, ಸ್ಟುಡಿಯೋ ಮಾತು ಮಾತಾಗಿಯೇ ಉಳಿಯಿತು. ಗುರುಬಸು ಅವರು ಶಿಷ್ಯರೆದುರು ಹೇಳಿದ್ದು ಇಷ್ಟು: “ಅಕಿ ಹಾಡಾಕ ಹತ್ತಿದ್ದು ಕೇಳಕೋತ ನನ್ನ ಕೈನ ನಿಂತುಬಿಡ್ತು. ಅಕಿಗೆ ಹೇಳಬೇಕಿತ್ತು.”

ಈಗ ನನ್ನ ಪಾಳಿ ಮುಗಿಯುತ್ತಿದೆ. ಪಾಳಿ ಮುಗಿಸಿದವರಿಗೆ ಹಿಂದಂಚೆಯ ಹಕ್ಕು ಸಿಗುತ್ತದೆ, ಅಂದರೆ ಕಳೆದ ಕಾಲಕ್ಕೆ ಒಂದೇ ಒಂದು ಪತ್ರ ಕಳಿಸಬಹುದು. ಹೆಚ್ಚಿನವರು ಇದನ್ನು ಆಸ್ತಿ ವಿಚಾರದಲ್ಲಿ ಮುತ್ತಜ್ಜಂದಿರನ್ನು ಬೈಯಲು ಬಳಸುತ್ತಾರೆ. ಅಂಚೆಯವರು ನನಗೆ ಮೊದಲೇ ಎಚ್ಚರಿಸಿದ್ದಾರೆ: ಅಲ್ಲಿ ಒಂದು ಬದಲಾದರೆ ಇಲ್ಲಿ ಹಳೆಯದು ಇತ್ತೆಂಬುದೂ ಯಾರಿಗೂ ನೆನಪಿರುವುದಿಲ್ಲ. ಹಾಡು ಪೂರ್ತಿ ಸಿಕ್ಕರೆ ಮೈಕ್ ಟೆಸ್ಟನ್ನು ಯಾರು ಇಟ್ಟುಕೊಳ್ಳುತ್ತಾರೆ? ಕತ್ತರಿಸಿ ಎಸೆಯುತ್ತೀರಿ. ನಮ್ಮ ಸ್ತುತಿ ಹೋಗುತ್ತದೆ. ನನಗೆ ಅದು ತುಂಬ ಇಷ್ಟ, ಸುಳ್ಳು ಹೇಳುವುದಿಲ್ಲ. ನನ್ನ ಅಮ್ಮನಿಗೆ ಕೊನೆಯ ಸಲ ಹಾಡಿದ್ದೂ ಅದನ್ನೇ. ಆದರೂ ಹೋಗಲಿ.

ಈ ಪತ್ರ ಆ ಕಾರ್ಯಕ್ರಮದ ಹಿಂದಿನ ದಿನ ನಿಮ್ಮ ಕೈ ಸೇರುತ್ತದೆ. ಇಮಾಮ್ ಅವರೆ, ಮೊಬೈಲಿನಲ್ಲಿರುವ ಬೇರೆ ಏನನ್ನಾದರೂ ಅಳಿಸಿ, ರೆಕಾರ್ಡಿಂಗ್ ಬಂದ್ ಮಾಡಬೇಡಿ. ಛಂದ ಆಗದಿದ್ದರೂ ಪರವಾಗಿಲ್ಲ. ಗುರುಬಸು ಅವರೆ, ತಾಳ ತಪ್ಪಲಿ, ತಪ್ಪಬೇಕು ಕೂಡ. ಆದರೆ ಡ್ರಮ್ಮು ಬಿಚ್ಚಿ ಕಟ್ಟುವ ಮೊದಲು ತಾರಾಮತಿಯವರ ಹತ್ತಿರ ಹೋಗಿ, ಕೈ ಯಾಕೆ ನಿಂತಿತೆಂದು ಅವರಿಗೇ ಹೇಳಿ. ಶಿಷ್ಯರಿಗೆ ಹೇಳಿದ್ದು ಸಾಕು.

ನಾಳೆ ಬೆಳಿಗ್ಗೆ ನನಗೆ ಈ ಸ್ತುತಿಯಾಗಲಿ, ಈ ಪತ್ರ ಬರೆದದ್ದಾಗಲಿ ನೆನಪಿರುವುದಿಲ್ಲ. ಹಲ್ಲುಜ್ಜುತ್ತ, ಎಲ್ಲಿ ಕಲಿತೆನೆಂದೂ ಯೋಚಿಸದೆ, ತಾರಾಮತಿಯವರ ಹಾಡನ್ನು ಗುನುಗುತ್ತಿರುತ್ತೇನೆ.

ಇಂತಿ, ನಿಮ್ಮ ತಂಡದವಳೇ,
ಮಿಂಚುಳ್ಳಿ ಹೂಗಾರ